ಟ್ರಯಲ್ ಕೋಆರ್ಡಿನೇಟರ್ ಕೆಲಸ: ಹೆಬ್ಬೆಟ್ಟು ಒತ್ತಿಸುವ ಮೊದಲು, ಒತ್ತಿಸಿದ ಮೇಲೆ

ಕಲಬುರಗಿ, ಬೀದರ್, ಯಾದಗಿರಿಯ ಆಸ್ಪತ್ರೆಗಳಲ್ಲಿ ಹೊಸ ಔಷಧದ ಕ್ಲಿನಿಕಲ್ ಟ್ರಯಲ್‌ಗೆ ಕೋಆರ್ಡಿನೇಟರ್ ಆಗಿ ಸೇರುವವರು ಮೊದಲು ಕಲಿಯಬೇಕಾದದ್ದು ಒಪ್ಪಿಗೆ ಪ್ರಕ್ರಿಯೆ. ಡೇಟಾ ತುಂಬುವಾಗ ಆದ ತಪ್ಪನ್ನು ತಿದ್ದಬಹುದು, ಒಪ್ಪಿಗೆಯಲ್ಲಿ ಆದ ತಪ್ಪನ್ನು ತಿದ್ದಲು ಬರುವುದಿಲ್ಲ.

ಮೊದಲ ರೋಗಿಯನ್ನು ಸೇರಿಸುವ ಮುನ್ನವೇ ಸಿಟಿಆರ್‌ಐನಲ್ಲಿ, ಅಂದರೆ ದೇಶದ ಕ್ಲಿನಿಕಲ್ ಟ್ರಯಲ್‌ಗಳ ದಾಖಲಾತಿಯಲ್ಲಿ, ನೋಂದಣಿ ಆಗಿರಬೇಕು. ಒಪ್ಪಿಗೆ ಪತ್ರ ಎಥಿಕ್ಸ್ ಕಮಿಟಿ (ರೋಗಿಗಳ ಹಿತ ಕಾಯುವ ನೀತಿ ಸಮಿತಿ) ಒಪ್ಪಿದ ಕೊನೆಯ ಆವೃತ್ತಿಯೇ ಎಂದು ಪ್ರತಿ ಸಲ ಆವೃತ್ತಿ ಸಂಖ್ಯೆ, ದಿನಾಂಕ ನೋಡಿ. ಹಳೆಯ ಪ್ರತಿಗಳು ಡ್ರಾಯರ್‌ನಲ್ಲಿ ಉಳಿದರೆ ಗಡಿಬಿಡಿಯ ದಿನ ಯಾರಾದರೂ ಅದನ್ನೇ ತೆಗೆದುಕೊಳ್ಳುತ್ತಾರೆ. ಕನ್ನಡದ ಜೊತೆ ಉರ್ದು, ಬೀದರ್ ಕಡೆ ಮರಾಠಿ, ತೆಲುಗು ಪ್ರತಿಗಳೂ ಬೇಕಾಗುತ್ತವೆ. ತಾಂಡಾದಿಂದ ಬಂದವರಿಗೆ ಲಂಬಾಣಿಯಲ್ಲಿ ಬಾಯಿಮಾತಿನಲ್ಲಿ ವಿವರಿಸುವವರನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಓದಲು ಬಾರದವರಿದ್ದರೆ ನಿಷ್ಪಕ್ಷಪಾತ ಸಾಕ್ಷಿ ಮೊದಲಿನಿಂದ ಕೊನೆಯವರೆಗೆ ಕೂತಿರಬೇಕು. ಕೊನೆಗೆ ಸಹಿಗೆಂದು ವಾರ್ಡ್‌ನಿಂದ ಕರೆತಂದವರು ಸಾಕ್ಷಿಯಾಗುವುದಿಲ್ಲ, ನೀವಂತೂ ಆಗಲೇಬಾರದು. "ಡಾಕ್ಟ್ರು ಹೇಳ್ಯಾರಂದ್ರ ಆಯ್ತ್ರಿ, ಹೆಬ್ಬೆಟ್ಟು ಎಲ್ಲಿ ಒತ್ತಬೇಕ್ರಿ?" ಎಂದು ರೋಗಿ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಅದು ವೈದ್ಯರ ಮೇಲಿನ ನಂಬಿಕೆ, ತಿಳಿದು ಕೊಟ್ಟ ಒಪ್ಪಿಗೆ ಅಲ್ಲ. "ಮನ್ಯಾಗ ಕೇಳಿದ್ರ ಏನಂತ ಹೇಳ್ತೀರಿ, ನನಗ ಹೇಳ್ರಿ" ಅನ್ನಿ. ಚೀಟಿ ಎತ್ತಿದಂತೆ ಯಾವ ಗುಳಿಗೆ ಯಾರಿಗೆಂದು ತೀರ್ಮಾನವಾಗುತ್ತದೆ, ಬೇಡವೆಂದರೂ ಮಾಮೂಲಿ ಚಿಕಿತ್ಸೆ ನಿಲ್ಲುವುದಿಲ್ಲ, ಯಾವಾಗ ಬೇಕಾದರೂ ಬಿಡಬಹುದು: ಈ ಮೂರೂ ಅವರ ಬಾಯಿಂದಲೇ ಬರಬೇಕು. ಬರದಿದ್ದರೆ ಪಿಐ, ಅಂದರೆ ಮುಖ್ಯ ಸಂಶೋಧಕ ವೈದ್ಯರು, ಮತ್ತೆ ವಿವರಿಸಲಿ. ಮನೆಯವರನ್ನು ಕೇಳಿ ಬರುತ್ತೇನೆಂದರೆ ಕಳುಹಿಸಿಕೊಡಿ.

ಹೊಸ ಔಷಧ, ಕ್ಲಿನಿಕಲ್ ಟ್ರಯಲ್‌ಗಳ 2019ರ ನಿಯಮಗಳ ಪ್ರಕಾರ ಒಪ್ಪಿಗೆ ಪತ್ರದಲ್ಲಿ ವಿಳಾಸ, ಶಿಕ್ಷಣ, ಉದ್ಯೋಗ, ವಾರ್ಷಿಕ ಆದಾಯ, ನಾಮಿನಿಯ ಹೆಸರು, ಸಂಬಂಧ ಇರಬೇಕು. ನಾಮಿನಿ ಕಾಲಂ ಖಾಲಿ ಬಿಡುವುದು ಸಾಮಾನ್ಯ ತಪ್ಪು. ಪರಿಹಾರ ಕೊಡುವ ಸಂದರ್ಭ ಬಂದರೆ ಆ ಕುಟುಂಬಕ್ಕೆ ಬೇಕಾಗುವುದು ಅದೇ. ಸಹಿಯ ಸಮಯವನ್ನೂ ಬರೆಯಿಸಿ. ಸಹಿ 10:40ಕ್ಕೆ, ಟ್ರಯಲ್‌ಗೆಂದು ರಕ್ತ ತೆಗೆದದ್ದು 10:25ಕ್ಕೆ ಎಂದಿದ್ದರೆ ಅದು ದೊಡ್ಡ ಉಲ್ಲಂಘನೆ. ಒಂದು ಪ್ರತಿ ರೋಗಿಯ ಕೈಗೆ ಕೊಟ್ಟು, ಕೊಟ್ಟದ್ದನ್ನು ದಾಖಲಿಸಿ.

ವಿಸಿಟ್ ದಿನಾಂಕ ಕೊಡುವಾಗ ಕ್ಯಾಲೆಂಡರ್ ಜೊತೆ ಊರನ್ನೂ ನೋಡಿ. ತೊಗರಿ ರಾಶಿಯ ದಿನಗಳು, ಎಳ್ಳ ಅಮಾವಾಸ್ಯೆ, ಶರಣಬಸವೇಶ್ವರ ಜಾತ್ರೆ, ರಂಜಾನ್ ಉಪವಾಸ ಎಲ್ಲವೂ ಅಡ್ಡ ಬರುತ್ತವೆ. 28ನೇ ದಿನಕ್ಕೆ ಹಿಂದೆ ಮುಂದೆ 3 ದಿನದ ಅವಕಾಶವಿದ್ದರೆ 26ನೇ ದಿನಕ್ಕೇ ಕರೆಯಿರಿ, ಬಸ್ ತಪ್ಪಿದರೂ ದಿನಗಳು ಉಳಿಯುತ್ತವೆ. ದುಡಿಯಲು ಪುಣೆ, ಬೆಂಗಳೂರಿಗೆ ಹೋಗುವ ಮನೆಗಳಿಂದ ಎರಡನೇ ಫೋನ್ ನಂಬರ್ ತೆಗೆದುಕೊಳ್ಳಿ.

ಗುಳಿಗೆ ಎಣಿಸುವುದು ಹೀಗೆ: 30 ಕೊಟ್ಟಿದ್ದೀರಿ, ದಿನಕ್ಕೊಂದರಂತೆ 28 ದಿನ ಕಳೆದಿವೆ, 4 ವಾಪಸ್ ಬಂದಿವೆ. ತೆಗೆದುಕೊಂಡದ್ದು 26, ಅಂದರೆ ಶೇ. 93. ಖಾಲಿ ಸ್ಟ್ರಿಪ್ ಬಿಸಾಡಬಾರದೆಂದು ಹೇಳಿ ಒಂದು ಚೀಲ ಕೊಡಿ. ಬರೆದದ್ದು ತಪ್ಪಾದರೆ ಒಂದೇ ಗೆರೆ ಎಳೆದು, ಸರಿಯಾದದ್ದು ಬರೆದು, ಸಹಿ ದಿನಾಂಕ ಹಾಕಿ. ವೈಟ್‌ನರ್ ಮುಟ್ಟಬೇಡಿ.

2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ ಔಷಧಕ್ಕೆ ನಮ್ಮ ಮೇ ತಿಂಗಳ ಬಿಸಿಲು, ಕರೆಂಟ್ ಹೋಗುವುದು ಎರಡೂ ಶತ್ರು. ಫ್ರಿಜ್‌ನ ಉಷ್ಣತೆ ದಾಖಲಿಸುವ ಲಾಗರ್‌ನ ಕನಿಷ್ಠ, ಗರಿಷ್ಠ ಓದನ್ನು ಭಾನುವಾರವೂ ಬರೆಯಿರಿ. ಉಷ್ಣತೆ ಮೀರಿದರೆ ಆ ಔಷಧವನ್ನು ಸರಿಯಾದ ಉಷ್ಣತೆಯಲ್ಲೇ ಬೇರೆಯಾಗಿ, ಚೀಟಿ ಅಂಟಿಸಿ ಇಡಿ. ಪ್ರಾಯೋಜಕರ, ಅಂದರೆ ಟ್ರಯಲ್ ನಡೆಸುವ ಕಂಪನಿ ಅಥವಾ ಸಂಸ್ಥೆಯ, ಲಿಖಿತ ಉತ್ತರ ಬರುವವರೆಗೆ ಕೊಡಲೂ ಬೇಡಿ, ಎಸೆಯಲೂ ಬೇಡಿ.

ಸಾವು, ಆಸ್ಪತ್ರೆ ಸೇರುವುದು, ಅಂಗವೈಕಲ್ಯ, ಜೀವಾಪಾಯದಂಥ ಗಂಭೀರ ಘಟನೆಯನ್ನು ಪಿಐ 24 ಗಂಟೆಯೊಳಗೆ ಕೇಂದ್ರ ಔಷಧ ಪ್ರಾಧಿಕಾರ, ಪ್ರಾಯೋಜಕ, ಎಥಿಕ್ಸ್ ಕಮಿಟಿ ಮೂವರಿಗೂ ತಿಳಿಸಬೇಕು. ವಿಶ್ಲೇಷಣಾ ವರದಿಗೆ 14 ದಿನ. ತಡವಾದರೆ ಕಾರಣ ಬರೆಯಬೇಕು. ತಡವಾಗುವುದು ಬಹುತೇಕ ಪ್ರಶ್ನೆ ಕೇಳುವ ರೀತಿಯಿಂದ. "ಅಡ್ಮಿಟ್ ಆಗಿದ್ರಾ?" ಎಂದರೆ ಇಲ್ಲ ಅನ್ನುತ್ತಾರೆ. "ಬ್ಯಾರೆ ದವಾಖಾನ್ಯಾಗ ರಾತ್ರಿ ಇದ್ದು ಸಲಾಯಿನ್ ಹಚ್ಚಿಸ್ಕೊಂಡ್ರೇನ್ರಿ?" ಎಂದು ಕೇಳಿ, ಆಗ ಸುರಪುರದಲ್ಲೋ ಔರಾದದಲ್ಲೋ ಕಳೆದ ಎರಡು ರಾತ್ರಿಯ ಮಾತು ಹೊರಬರುತ್ತದೆ. ಡಿಸ್ಚಾರ್ಜ್ ಚೀಟಿಯ ಫೋಟೋ ಅಲ್ಲೇ ತೆಗೆದುಕೊಂಡು, ನಿಮಗೆ ತಿಳಿದ ಗಂಟೆ ಬರೆದು, ಪಿಐಗೆ ಫೋನ್ ಮಾಡಿ.