ಕಾವಿಗೆ ಕೂತ ಕೋಳಿ: ಕೊನೆಯ ಮೂರು ದಿನ ಕೈ ಕಟ್ಟಿ ಕೂಡಿ

ಹನ್ನೆರಡು ತತ್ತಿ ಇಟ್ಟಿದ್ದೆವು, ನಾಲ್ಕೇ ಮರಿ ಆದವು. ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿಗಳಲ್ಲಿ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ಬೈಗುಳ ಕೋಳಿಗೆ. ಅದು ಪಾಪ, 21 ದಿನ ಅರೆಹೊಟ್ಟೆಯಲ್ಲಿ ಕೂತಿರುತ್ತದೆ. ತಪ್ಪು ಆಗುವುದು ಹೆಚ್ಚಾಗಿ ಎರಡು ಕಡೆ: ತತ್ತಿ ಕೂಡಿಡುವಾಗ ಮತ್ತು ಮರಿ ಹೊರಬರುವಾಗ. ಎರಡೂ ಕಡೆ ಮನುಷ್ಯರ ಕೈಯೇ ಇರುತ್ತದೆ, ಅಲ್ವಾ?

ಮೊದಲು ಕೋಳಿ ನೋಡಿ

ಗೂಡಿನಲ್ಲಿ ಕೂತ ಕೋಳಿಯೆಲ್ಲ ಕಾವಿಗೆ ಕೂತಿಲ್ಲ. ರಾತ್ರಿಯೂ ಗೂಡು ಬಿಡದೆ ಇರಬೇಕು. ಕೈ ಹಾಕಿದರೆ ಪುಕ್ಕ ಉಬ್ಬಿಸಿ ಗುರ್ ಎನ್ನಬೇಕು. ಎದೆಯ ಪುಕ್ಕ ಉದುರಿ ಚರ್ಮ ಬಿಸಿಯಾಗಿರಬೇಕು. ಎರಡು ರಾತ್ರಿ ಹೀಗೇ ಇದ್ದರೆ ನಂಬಬಹುದು. ಅಲ್ಲಿಯವರೆಗೆ ಒಂದೆರಡು ಹಳೆಯ ತತ್ತಿ ಇಟ್ಟಿರಿ, ಒಳ್ಳೆಯವನ್ನು ಕೊಡಬೇಡಿ.

ಈ ಕೆಲಸಕ್ಕೆ ಜವಾರಿ ಕೋಳಿಯೇ ಸರಿ. ಗಿರಿರಾಜ, ಸ್ವರ್ಣಧಾರಾದಂಥ ಸುಧಾರಿತ ತಳಿಗಳು ಕಾವಿಗೆ ಕೂಡುವುದು ಕಡಿಮೆ. ಕೂತರೂ ನಡುವೆ ಎದ್ದು ಹೋಗುವ ಭಯ ಇದ್ದೇ ಇರುತ್ತದೆ. ಗಿರಿರಾಜನ ತತ್ತಿಯನ್ನು ಜವಾರಿ ಕೋಳಿಯ ಕೆಳಗೆ ಇಟ್ಟು ಮರಿ ಮಾಡಿಸಬಹುದು, ಆದರೆ ಆ ಮರಿಗಳು ತಾಯಿತಂದೆಯಷ್ಟೇ ಬೆಳೆಯುತ್ತವೆ ಎಂದು ಲೆಕ್ಕ ಹಾಕಬೇಡಿ.

ಕಾವು ಬೇಡವೆಂದಾಗ ಕೋಳಿಯನ್ನು ನೀರಲ್ಲಿ ಮುಳುಗಿಸುವವರಿದ್ದಾರೆ, ಮೂಗಿಗೆ ಪುಕ್ಕ ಚುಚ್ಚುವವರೂ ಇದ್ದಾರೆ. ಸುಮ್ನೆ ಹಿಂಸೆ. ತಳದಲ್ಲಿ ಜಾಲರಿ ಇರುವ ಪಂಜರದಲ್ಲಿ ಮೂರ್ನಾಲ್ಕು ದಿನ ಬಿಟ್ಟರೆ ಹೊಟ್ಟೆಗೆ ಗಾಳಿ ತಾಗಿ ಕಾವು ತಾನಾಗಿ ಇಳಿಯುತ್ತದೆ.

ತತ್ತಿ ಕೂಡಿಡುವುದು

ಅಂಗಡಿಯ ತತ್ತಿ ಎಷ್ಟು ದಿನ ಇಟ್ಟರೂ ಮರಿ ಆಗುವುದಿಲ್ಲ. ಫಾರ್ಮಿನ ಕೋಳಿಗಳ ಜೊತೆ ಹುಂಜವೇ ಇರುವುದಿಲ್ಲ. ಸಂತೆಯಲ್ಲಿ ಜವಾರಿ ಎಂದು ಮಾರುವ ಕಂದು ತತ್ತಿಯೂ ಎಷ್ಟೋ ಸಲ ಫಾರ್ಮಿನದೇ. ನಿಮ್ಮ ಮನೆಯದು ಇಲ್ಲವೇ ಗುರುತಿನವರ ಮನೆಯದು ತನ್ನಿ. ಎಂಟು-ಹತ್ತು ಹ್ಯಾಟಿಗೆ ಒಂದು ಗಟ್ಟಿ ಹುಂಜ ಇದ್ದರೆ ಸಾಕು.

ದಿನದ ತತ್ತಿ ದಿನವೇ ತೆಗೆಯಿರಿ. ತೊಳೆಯಬೇಡಿ. ಸಿಪ್ಪೆಯ ಮೇಲೆ ರೋಗಾಣು ಒಳಗೆ ಹೋಗದಂತೆ ತಡೆಯುವ ತೆಳು ಪೊರೆ ಇರುತ್ತದೆ, ತೊಳೆದರೆ ಅದು ಹೋಗುತ್ತದೆ. ಹೊಲಸು ಅಂಟಿದ್ದರೆ ಒಣ ಬಟ್ಟೆಯಲ್ಲಿ ಒರೆಸಿ. ತೀರಾ ಹೊಲಸಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಆಕಾರ ಸೊಟ್ಟಗಿದ್ದರೆ ತಿಂದುಬಿಡಿ.

ನಮ್ಮ ಕಡೆ ಕೆಡುವುದು ಇಲ್ಲೇ. ತತ್ತಿಯೊಳಗಿನ ಜೀವ ಕೋಳಿ ಕೂತ ಮೇಲೆಯೇ ಬೆಳೆಯಲು ಶುರು ಮಾಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಮನೆಯ ಮಾಡದಲ್ಲಿಟ್ಟ ತತ್ತಿ ಆ ಬಿಸಿಗೇ ಅರ್ಧಂಬರ್ಧ ಬೆಳೆದು, ರಾತ್ರಿ ತಂಪಿಗೆ ನಿಂತು, ಕೊನೆಗೆ ಒಳಗೇ ಸಾಯುತ್ತದೆ. ಮೇಲಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹಾಗೆಂದು ಫ್ರಿಜ್ಜಿನಲ್ಲಿ ಇಟ್ಟರೂ ಕೆಡುತ್ತದೆ, ಅಲ್ಲಿ ತಂಪು ಜಾಸ್ತಿ. ಒಂದು ಅಗಲ ಗಡಿಗೆಯಲ್ಲಿ ಒದ್ದೆ ಮರಳು ಹಾಕಿ, ಮೇಲೆ ಬಟ್ಟೆ ಹಾಸಿ, ಚೂಪು ತುದಿ ಕೆಳಗೆ ಬರುವಂತೆ ತತ್ತಿ ಇಡಿ. ಗಡಿಗೆ ನೆರಳಲ್ಲಿರಲಿ. ಬೇಸಿಗೆಯಲ್ಲಿ ಐದು ದಿನಕ್ಕಿಂತ ಹೆಚ್ಚು ಇಡಬೇಡಿ. ಚಳಿಗಾಲದಲ್ಲಿ ಒಂದು ವಾರ ನಡೆಯುತ್ತದೆ.

ನನ್ನನ್ನು ಕೇಳಿದರೆ ದೀಪಾವಳಿಯಿಂದ ಶಿವರಾತ್ರಿವರೆಗೆ ಮಾತ್ರ ಕೂರಿಸಿ. ಆಮೇಲೆ ಬಿಸಿಲು, ಅದಾದ ಮೇಲೆ ಮಳೆಗಾಲದ ಕೆಸರು. ಎರಡೂ ಮರಿಗೆ ಆಗಿ ಬರುವುದಿಲ್ಲ.

ಗೂಡು ಮತ್ತು ಕೂರಿಸುವ ರಾತ್ರಿ

ಕತ್ತಲಾದ, ಗಾಳಿ ಆಡುವ ಮೂಲೆ. ಅಗಲ ಬುಟ್ಟಿ, ತಳಕ್ಕೆ ನಾಲ್ಕು ಬೆರಳು ಮಣ್ಣು ಅಥವಾ ಮರಳು, ಮೇಲೆ ಮೆತ್ತನೆಯ ಒಣ ಹುಲ್ಲು. ಕಬ್ಬಿನ ರವದಿ ಬೇಡ, ಅಂಚು ಚುಚ್ಚುತ್ತದೆ. ಹುಲ್ಲಿನ ಕೆಳಗೆ ಒಂದು ಹಿಡಿ ಬೇವಿನ ಎಲೆ ಮತ್ತು ಬೂದಿ ಹಾಕಿ. ಹೇನು ಹತ್ತಿದ ಕೋಳಿ ಹದಿನೈದನೇ ದಿನಕ್ಕೂ ಗೂಡು ಬಿಟ್ಟು ಓಡುತ್ತದೆ. ಹೇನಿಗೆಂದು ಬೆಳೆಗೆ ಹೊಡೆಯುವ ಔಷಧಿಯನ್ನು ಗೂಡಿಗೆ ಸಿಂಪಡಿಸುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ತತ್ತಿಯ ಸಿಪ್ಪೆಗೆ ಉಸಿರಾಡುವ ತೂತುಗಳಿರುತ್ತವೆ, ವಿಷ ಒಳಗಿನ ಜೀವಕ್ಕೂ ಮುಟ್ಟುತ್ತದೆ.

ಬುಟ್ಟಿಯಲ್ಲಿ ಕಬ್ಬಿಣದ ತುಂಡು, ಇದ್ದಿಲು, ಒಣ ಮೆಣಸಿನಕಾಯಿ ಇಡುವ ರೂಢಿಯೂ ಇದೆ, ಗುಡುಗಿಗೆ ತತ್ತಿ ಕೆಡಬಾರದೆಂದು. ಇಟ್ಟರೆ ನಷ್ಟವೇನಿಲ್ಲ. ಗುಡುಗು ಬರುವ ತಿಂಗಳಲ್ಲೇ ಸೆಕೆಯೂ ಇರುತ್ತದೆ. ತತ್ತಿ ಕೆಡಿಸುವುದು ಸೆಕೆ.

ಜವಾರಿ ಕೋಳಿಗೆ ಹತ್ತರಿಂದ ಹನ್ನೆರಡು ತತ್ತಿ. ಹದಿನೈದು ಇಟ್ಟರೆ ಅಂಚಿನವು ಮೈ ಕೆಳಗೆ ಬರುವುದಿಲ್ಲ. ಕೋಳಿ ಹೊರಳಿಸುತ್ತ ಹೊರಳಿಸುತ್ತ ಎಲ್ಲವನ್ನೂ ಸರದಿಯಂತೆ ಅಂಚಿಗೆ ತಳ್ಳುತ್ತದೆ, ಹೀಗಾಗಿ ಒಳ್ಳೆಯವೂ ತಣ್ಣಗಾಗುತ್ತವೆ. ಕತ್ತಲಾದ ಮೇಲೆ ಎಲ್ಲ ತತ್ತಿಯನ್ನೂ ಒಂದೇ ಸಲ ಇಡಿ. ಪ್ರತಿಯೊಂದಕ್ಕೂ ಪೆನ್ಸಿಲ್ಲಿನಿಂದ ಗೀಟು ಹಾಕಿ. ಸ್ಕೆಚ್ ಪೆನ್ ಬೇಡ.

ಈ ಗೀಟು ಏಕೆಂದರೆ, ಬೇರೆ ಕೋಳಿಗಳು ಬಂದು ಅದೇ ಬುಟ್ಟಿಯಲ್ಲಿ ತತ್ತಿ ಇಟ್ಟು ಹೋಗುತ್ತವೆ. ಗೀಟಿಲ್ಲದ್ದು ಕಂಡರೆ ಅವತ್ತೇ ತೆಗೆಯಿರಿ. 'ಇನ್ನೆರಡು ಇರಲಿ ಬಿಡು' ಎಂದು ಬಿಟ್ಟರೆ ಅವು ವಾರ ತಡವಾಗಿ ಬೆಳೆಯುತ್ತವೆ. ಮೊದಲ ಮರಿಗಳು ಹೊರಬಂದ ಒಂದೆರಡು ದಿನಕ್ಕೆ ತಾಯಿ ಅವನ್ನು ಕರೆದುಕೊಂಡು ಎದ್ದು ಹೋಗುತ್ತದೆ. ಉಳಿದವು ಬುಟ್ಟಿಯಲ್ಲೇ ಸಾಯುತ್ತವೆ.

ಮೊದಲ 17 ದಿನ

ದಿನಕ್ಕೊಮ್ಮೆ ಕೋಳಿ ಎದ್ದು ಕಾಳು ತಿಂದು, ನೀರು ಕುಡಿದು, ದೊಡ್ಡ ಹಿಕ್ಕೆ ಹಾಕಿ, ಬೂದಿಯಲ್ಲಿ ಹೊರಳಿ ಹದಿನೈದು-ಇಪ್ಪತ್ತು ನಿಮಿಷದಲ್ಲಿ ವಾಪಸ್ ಬರಬೇಕು. ಎರಡು ದಿನ ಏಳದಿದ್ದರೆ ನೀವೇ ಎತ್ತಿ ಹೊರಗೆ ಬಿಡಿ. ರೆಕ್ಕೆಯ ಕೆಳಗೆ ತತ್ತಿ ಸಿಕ್ಕಿದೆಯೇ ಎಂದು ಮೊದಲು ನೋಡಿಕೊಳ್ಳಿ. ಜೋಳ, ಗೊಂಜಾಳ, ಸಜ್ಜೆ ಯಾವ ಕಾಳಾದರೂ ಸರಿ.

ಏಳನೇ ರಾತ್ರಿ ತತ್ತಿ ಪರೀಕ್ಷೆ. ರಟ್ಟಿಗೆ ರೂಪಾಯಿ ನಾಣ್ಯದಷ್ಟು ತೂತು ಮಾಡಿ, ಹಿಂದೆ ಮೊಬೈಲ್ ಟಾರ್ಚ್ ಹಚ್ಚಿ, ತೂತಿನ ಮೇಲೆ ತತ್ತಿಯ ಅಗಲ ತುದಿ ಇಡಿ. ಕಪ್ಪು ಚುಕ್ಕಿಯಿಂದ ಜೇಡರ ಬಲೆಯಂತೆ ಕೆಂಪು ನರ ಹರಡಿದ್ದರೆ ಜೀವ ಇದೆ. ಪೂರ್ತಿ ತಿಳಿಯಾಗಿದ್ದರೆ ಅದಕ್ಕೆ ಹುಂಜ ಕೂಡಿಲ್ಲ. ನರ ಇಲ್ಲದೆ ಬರೀ ಕೆಂಪು ಉಂಗುರ ಕಂಡರೆ ನಡುವೆ ಸತ್ತಿದೆ. ಇವೆರಡನ್ನೂ ತೆಗೆಯಿರಿ. ಹದಿನಾಲ್ಕನೇ ರಾತ್ರಿ ಇನ್ನೊಮ್ಮೆ. ಅಷ್ಟೇ. ದಿನಾ ಟಾರ್ಚ್ ಹಿಡಿದು ಹೋಗಬೇಡಿ.

18ರಿಂದ 21: ಇಲ್ಲೇ ಎಲ್ಲರೂ ಎಡವುವುದು

ಹದಿನೆಂಟನೇ ದಿನದಿಂದ ತತ್ತಿ ಮುಟ್ಟುವಂತಿಲ್ಲ. ಮರಿ ಒಳಗೆ ತಿರುಗಿ, ಕೊಕ್ಕನ್ನು ಅಗಲ ತುದಿಯ ಗಾಳಿಗೂಡಿನ ಕಡೆ ಇಟ್ಟುಕೊಂಡು ಸಿದ್ಧವಾಗಿರುತ್ತದೆ. ಈಗ ಅಲುಗಾಡಿಸಿದರೆ ಆ ಇಕ್ಕಟ್ಟಿನಲ್ಲಿ ಮತ್ತೆ ಜಾಗ ಹುಡುಕಿಕೊಳ್ಳುವುದು ಅದಕ್ಕೆ ಕಷ್ಟ. ಬೆಚ್ಚನೆಯ ನೀರಿನಲ್ಲಿ ತೇಲಿಬಿಟ್ಟು, ಅಲುಗಿದರೆ ಜೀವ ಇದೆ ಎನ್ನುವ ಪರೀಕ್ಷೆ ಮೊಬೈಲ್ ವಿಡಿಯೊಗಳಲ್ಲಿ ಬಹಳ ಓಡಾಡುತ್ತಿದೆ. ಆಗಲೇ ಸಣ್ಣ ಬಿರುಕು ಬಿದ್ದಿದ್ದರೆ ಮರಿ ಅಲ್ಲೇ ನೀರು ಕುಡಿದು ಸಾಯುತ್ತದೆ.

ಈ ಮೂರು ದಿನ ನಿಮ್ಮ ಕೆಲಸ ಬುಟ್ಟಿಯ ಹೊರಗೆ. ಕೋಳಿ ಏಳಲು ಒಪ್ಪುವುದಿಲ್ಲ, ಹಾಗಾಗಿ ಕೊಕ್ಕಿಗೆ ಎಟಕುವಲ್ಲಿ ನೀರು, ಕಾಳು ಇಡಿ. ನಮ್ಮ ಒಣ ಗಾಳಿಗೆ ಸಿಪ್ಪೆಯೊಳಗಿನ ಪೊರೆ ಒಣಗಿ ಗಟ್ಟಿಯಾಗಿ ಮರಿಗೆ ಸುತ್ತಿಕೊಳ್ಳುತ್ತದೆ. ಅದಕ್ಕೇ ತಳಕ್ಕೆ ಮಣ್ಣು ಹಾಕಲು ಹೇಳಿದ್ದು. ಬುಟ್ಟಿಯ ಸುತ್ತಲಿನ ನೆಲಕ್ಕೆ ಬೆಳಿಗ್ಗೆ, ಸಂಜೆ ನೀರು ಚಿಮುಕಿಸಿ, ತಳದ ಮಣ್ಣಿನ ಅಂಚನ್ನೂ ಸ್ವಲ್ಪ ನೆನೆಸಿ. ತತ್ತಿಗಳ ಮೇಲೆ ನೀರು ಬೇಡ. ಬುಟ್ಟಿಯ ಸುತ್ತ ಬೂದಿಯ ಗೆರೆ ಎಳೆಯಿರಿ. ಮೊದಲ ಬಿರುಕಿನ ವಾಸನೆಗೆ ಕೆಂಪಿರುವೆ ಬಂದರೆ ಮರಿ ಹೊರಗೆ ಬರುವ ಮೊದಲೇ ಮುಗಿಯಿತು. ಗಾಳಿ ಬಂದು ಗೆರೆ ಕದಡಿದರೆ ಮತ್ತೆ ಎಳೆಯಿರಿ.

ಇಪ್ಪತ್ತನೇ ದಿನದ ಹೊತ್ತಿಗೆ ತತ್ತಿಯೊಳಗಿಂದ ಚಿಂವ್ ಎನ್ನುವ ಸದ್ದು ಬರುತ್ತದೆ. ತಾಯಿ ತಗ್ಗಿದ ದನಿಯಲ್ಲಿ ಉತ್ತರ ಕೊಡುತ್ತದೆ. ಆಮೇಲೆ ಸಿಪ್ಪೆಗೆ ಒಂದು ಸಣ್ಣ ತೂತು. ಅಲ್ಲಿಂದ ಗಂಟೆಗಟ್ಟಲೆ ಏನೂ ಆಗುವುದಿಲ್ಲ. ಜನ ತಾಳ್ಮೆ ಕಳೆದುಕೊಳ್ಳುವುದು ಇಲ್ಲೇ. 'ಪಾಪ, ಸಿಕ್ಕಿಹಾಕಿಕೊಂಡಿದೆ' ಎಂದು ಉಗುರಿನಿಂದ ಸಿಪ್ಪೆ ಬಿಡಿಸುತ್ತಾರೆ. ಮರಿ ಸುಮ್ಮನೆ ಮಲಗಿರುವುದಿಲ್ಲ. ತತ್ತಿಯಲ್ಲಿ ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ, ಪೊರೆಯ ನರಗಳ ರಕ್ತವೂ ಮೈಗೆ ಸೇರುತ್ತಿರುತ್ತದೆ. ಆ ನರ ಹರಿದರೆ ರಕ್ತ ಸುರಿದು ಸಾಯುತ್ತದೆ. ಬದುಕಿದರೂ ಹೊಕ್ಕುಳ ಮುಚ್ಚದೆ ನಂಜಾಗಿ ಎರಡು-ಮೂರು ದಿನಕ್ಕೆ ಹೋಗುತ್ತದೆ. ತೂತು ಬಿದ್ದ ಮೇಲೆ 12ರಿಂದ 24 ಗಂಟೆ ಹಿಡಿಯುವುದು ಸಹಜ. ಆಮೇಲೆ ಸುತ್ತಲೂ ಸಿಪ್ಪೆ ಕತ್ತರಿಸಿಕೊಂಡು ಕಾಲಿನಿಂದ ತಳ್ಳಿ ಹೊರಬರುತ್ತದೆ, ಇದಕ್ಕೆ ಹೊತ್ತು ಬೇಕಿಲ್ಲ.

24 ಗಂಟೆ ದಾಟಿದೆ, ಮರಿ ಕೂಗುತ್ತಿದೆ, ಪೊರೆ ಒಣಗಿ ಕಂದಾಗಿದೆ ಎಂದಾದರೆ ಬೆಚ್ಚನೆಯ ನೀರಲ್ಲಿ ಅದ್ದಿದ ಬಟ್ಟೆಯ ತುದಿಯಿಂದ ತೂತಿನ ಅಂಚಿನ ಪೊರೆಯನ್ನು ಒದ್ದೆ ಮಾಡಿ. ಕೊಕ್ಕಿಗೆ ನೀರು ತಾಗಬಾರದು. ಮತ್ತೆ ತಾಯಿಯ ಕೆಳಗೆ ಇಟ್ಟು ಬನ್ನಿ. ಅದಕ್ಕಿಂತ ಮುಂದೆ ಹೋಗಬೇಡಿ.

ಹೊರಬಂದ ಮರಿ ಒದ್ದೆಯಾಗಿ, ಸುಸ್ತಾಗಿ ಕಾಣುತ್ತದೆ. ಬಿಸಿಲಿಗೆ ಒಯ್ಯಬೇಡಿ, ಬಲ್ಬಿನ ಕೆಳಗೂ ಇಡಬೇಡಿ. ತಾಯಿಯ ಮೈಯೇ ಸಾಕು. ಹೊಟ್ಟೆಯಲ್ಲಿ ಹಳದಿ ಇರುವುದರಿಂದ ಎರಡು ದಿನ ಕಾಳು ಕೊಡದಿದ್ದರೂ ನಡೆಯುತ್ತದೆ. 23ನೇ ದಿನಕ್ಕೂ ಒಡೆಯದ ತತ್ತಿಗಳನ್ನು ಅಲುಗಿಸದೆ ಒಯ್ದು ಹೂಳಿ. ಕೊಳೆತದ್ದು ಸಿಡಿದರೆ ಮನೆಯಲ್ಲಿ ನಿಲ್ಲಲಿಕ್ಕಾಗುವುದಿಲ್ಲ.

ಥರ್ಮೋಕೋಲ್ ಡಬ್ಬಿಯ ಅಗ್ಗದ ಇನ್‌ಕ್ಯುಬೇಟರ್ ಬಗ್ಗೆಯೂ ಜನ ಕೇಳುತ್ತಾರೆ. ಅದರಲ್ಲಿ ಉಷ್ಣತೆ 37.5 ಡಿಗ್ರಿಯಲ್ಲೇ ನಿಲ್ಲಬೇಕು. ಅಗ್ಗದ ಡಬ್ಬಿಯ ಥರ್ಮೋಸ್ಟಾಟ್ ನಂಬುವಂತಿಲ್ಲ, ಹಳ್ಳಿಯ ಕರೆಂಟ್ ಅದಕ್ಕಿಂತ ಕಡೆ. ಕಾವಿಗೆ ಕೂತ ಕೋಳಿ ಇರುವಾಗ ದುಡ್ಡು ಹಾಳು ಮಾಡಬೇಡಿ.

ಮರಿ ಸಾಕುವುದು

ಮೊದಲು ನೀರು, ಆಮೇಲೆ ಕಾಳು. ತಟ್ಟೆಯಲ್ಲಿ ತೆಳ್ಳಗೆ ನೀರು ಹಾಕಿ ನಡುವೆ ಹರಳು ಇಡಿ, ಇಲ್ಲವಾದರೆ ಮರಿ ಮುಳುಗುತ್ತದೆ. ಮೊದಲ ಕೆಲವು ಗಂಟೆ ಚೂರು ಬೆಲ್ಲ ಕದಡಿದ ನೀರು ಕೊಡಬಹುದು. ಮಹಾಲಿಂಗಪುರದ ಬೆಲ್ಲವೇ ಬೇಕೆಂದಿಲ್ಲ. ದಿನವಿಡೀ ಅದನ್ನೇ ಕೊಟ್ಟರೆ ಭೇದಿಯಾಗುತ್ತದೆ.

ನೆಲಕ್ಕೆ ಗೋಣಿಚೀಲ ಅಥವಾ ಶೇಂಗಾ ಹೊಟ್ಟು ಹಾಸಿ. ಪೇಪರ್ ಬೇಡ, ಈ ಪುರವಣಿಯೂ ಬೇಡ. ಜಾರಿ ಕಾಲು ಅಗಲವಾದ ಮರಿ ಮುಂದೆ ಸರಿಯಾಗಿ ನಡೆಯುವುದಿಲ್ಲ.

ಬರೀ ಜೋಳದ ನುಚ್ಚಿನಿಂದ ಮರಿ ಬೆಳೆಯುವುದಿಲ್ಲ, ಪ್ರೋಟೀನ್ ಸಾಲದು. ಮೊದಲ ತಿಂಗಳು ಸ್ಟಾರ್ಟರ್ ಮೇವು, ಅಂದರೆ ಎಳೆ ಮರಿಗೆಂದೇ ಮಾಡಿದ ಮೇವು, ಸ್ವಲ್ಪವಾದರೂ ಬೆರೆಸಿ. ಖರ್ಚು ಉಳಿಸಲು ಗೆದ್ದಲು ಹಿಡಿಯಿರಿ: ಹಳೆಯ ಗಡಿಗೆಯಲ್ಲಿ ಜೋಳದ ಕಣಿಕೆ ತುಂಡು, ಒಣ ಸಗಣಿ ತುಂಬಿ ನೀರು ಚಿಮುಕಿಸಿ, ಸಂಜೆ ಹುತ್ತದ ಹತ್ತಿರ ಬೋರಲು ಹಾಕಿ. ಬೆಳಿಗ್ಗೆ ತುಂಬ ಗೆದ್ದಲು ಇರುತ್ತವೆ. ಬೂಸ್ಟು ಹಿಡಿದ ಶೇಂಗಾ ಹಿಂಡಿ ಎಂದೂ ಹಾಕಬೇಡಿ, ಅದರ ವಿಷ ಮರಿಗಳನ್ನು ಬೇಗ ಕೊಲ್ಲುತ್ತದೆ. ಸಂತೆಯಲ್ಲಿ ಮಾರುವ ಹೆಸರಿಲ್ಲದ 'ಟಾನಿಕ್' ಪುಡಿಗಳನ್ನೂ ಬಿಡಿ. ಗುಲಾಬಿ, ಹಸಿರು ಬಣ್ಣ ಹಚ್ಚಿದ ಮರಿಗಳನ್ನಂತೂ ತರಲೇಬೇಡಿ. ಅವು ರೋಗ ತರುತ್ತವೆ.

ಹದ್ದು, ಕಾಗೆ, ಬೆಕ್ಕು, ಮುಂಗುಸಿ, ಹೆಗ್ಗಣ. ತಾಯಿಯ ಕಾಲಿಗೆ ಹಗ್ಗ ಕಟ್ಟಿ ಗೂಟಕ್ಕೆ ಬಿಗಿದರೆ ಮರಿ ದೂರ ಹೋಗುವುದಿಲ್ಲ ಎನ್ನುತ್ತಾರೆ. ಕಟ್ಟಿದ ತಾಯಿ ಬೆಕ್ಕಿನ ಮೇಲೆ ಹೇಗೆ ಎರಗೀತು? ಮೂರು ವಾರ ಜಾಲರಿ ಪಂಜರದಲ್ಲಿ ಇಡಿ, ರಾತ್ರಿ ಮನೆಯೊಳಗೆ ಹೆಡಿಗೆ ಬೋರಲು ಹಾಕಿ ಮೇಲೆ ಕಲ್ಲು ಇಡಿ. ಪೇಟೆಯ ಆರುಮೂಲೆ ಕಣ್ಣಿನ ತೆಳು 'ಚಿಕನ್ ಮೆಶ್' ಕೋಳಿಯನ್ನು ಒಳಗಿಡುತ್ತದೆ, ಹಾವನ್ನು ಹೊರಗಿಡುವುದಿಲ್ಲ. ಅರ್ಧ ಇಂಚಿನ ವೆಲ್ಡ್ ಮೆಶ್ ತನ್ನಿ.

ಲಸಿಕೆ ಬಿಡಬೇಡಿ. ಕೊಕ್ಕರೆ ರೋಗ (ರಾಣಿಖೇತ್) ಬಂದರೆ ಓಣಿಯ ಕೋಳಿಯೆಲ್ಲ ಖಾಲಿ. ಐದರಿಂದ ಏಳನೇ ದಿನದೊಳಗೆ ಅದಕ್ಕೆ ಲಸೋಟಾ ಎಂಬ ಲಸಿಕೆ, ಕಣ್ಣಿಗೆ ಒಂದು ಹನಿ. ನಾಲ್ಕನೇ ವಾರ ಮತ್ತೊಮ್ಮೆ. ಆರರಿಂದ ಎಂಟನೇ ವಾರ ಅದೇ ರೋಗಕ್ಕೆ ಆರ್‌ಟುಬಿ ಎಂಬ ಚುಚ್ಚುಮದ್ದು, ಅದೇ ಸುಮಾರಿಗೆ ಸಿಡುಬಿನದೂ ಇದೆ, ಎರಡರ ನಡುವಿನ ಅಂತರವನ್ನು ಪಶು ಆಸ್ಪತ್ರೆಯಲ್ಲಿ ಕೇಳಿ. ಒಂದು ಸೀಸೆ ಹತ್ತು ಮರಿಗೆ ಬಹಳ ಹೆಚ್ಚು, ಓಣಿಯವರು ಸೇರಿ ತನ್ನಿ. ಫ್ಲಾಸ್ಕಿನಲ್ಲಿ ಐಸ್ ಹಾಕಿಯೇ ತನ್ನಿ, ಸಂಜೆ ತಂಪಲ್ಲಿ ಹಾಕಿ, ಕಲಸಿದ್ದನ್ನು ಎರಡು ಗಂಟೆಯೊಳಗೆ ಮುಗಿಸಿ. ಕಿಸೆಯಲ್ಲಿಟ್ಟು ಬೈಕಿನ ಮೇಲೆ ತಂದ ಲಸಿಕೆ ಹಾಕಿದರೂ ಒಂದೇ, ಬಿಟ್ಟರೂ ಒಂದೇ.

ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ರಕ್ತಭೇದಿ (ಕಾಕ್ಸಿಡಿಯೋಸಿಸ್) ಇರಬಹುದು. ಹಾಸು ಒದ್ದೆಯಾಗಿದೆಯೇ ನೋಡಿ, ಅವತ್ತೇ ಬದಲಿಸಿ, ಅವತ್ತೇ ಔಷಧಿ ತನ್ನಿ. ನಾಳೆಗೆ ಬಿಟ್ಟರೆ ಎಲ್ಲಕ್ಕೂ ಹರಡುತ್ತದೆ.

ಆರರಿಂದ ಎಂಟು ವಾರಕ್ಕೆ ತಾಯಿಯೇ ಮರಿಗಳನ್ನು ಕುಟುಕಿ ಓಡಿಸಲು ಶುರು ಮಾಡುತ್ತದೆ. ಆಗ ಬೇರೆ ಮಾಡಿ. ಸ್ವಲ್ಪ ದಿನಕ್ಕೆ ಅದು ಮತ್ತೆ ತತ್ತಿ ಇಡುತ್ತದೆ. ಕೂಡಲೇ ಮತ್ತೆ ಕಾವಿಗೆ ಕೂರಿಸಬೇಡಿ. ಎದೆಯ ಎಲುಬು ಕೈಗೆ ಚುಚ್ಚುತ್ತಿದ್ದರೆ ಈ ಸಲದ ತತ್ತಿಗಳನ್ನು ಬೇರೆ ಕೋಳಿಗೆ ಕೊಡಿ, ಇಲ್ಲವೇ ಮನೆಯಲ್ಲೇ ತಿನ್ನಿ.