ಮೊದಲ ಅಧ್ಯಾಯ ಬಿಟ್ಟು ಓದಿದ್ದೆ

ದೇವರಿದ್ದಾನೆ ಎಂದು ತೋರಿಸಲು 11ನೇ ಶತಮಾನದ ಕ್ರೈಸ್ತ ಸನ್ಯಾಸಿ, ತತ್ವಜ್ಞಾನಿ ಆನ್ಸೆಲ್ಮ ಕೊಟ್ಟ ವಾದವನ್ನು ಎಂ.ಎ.ಯಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಯಾವುದಕ್ಕಿಂತ ದೊಡ್ಡದನ್ನು ಯೋಚಿಸಲಿಕ್ಕೇ ಆಗದೋ ಅದು ದೇವರು. ಅದು ಬರೀ ಮನಸ್ಸಿನಲ್ಲಿದ್ದು ಹೊರಗಿಲ್ಲದಿದ್ದರೆ ಅದಕ್ಕಿಂತ ದೊಡ್ಡದನ್ನು ಯೋಚಿಸಬಹುದಲ್ಲ. ಆದ್ದರಿಂದ ಅದು ಇದೆ. ಅಲ್ಲಿಗೆ ಉತ್ತರ ಮುಗಿಯಿತು.

ಆ ವಾದವಿರುವ ಅವನ ಪುಸ್ತಕ 'ಪ್ರೊಸ್ಲೋಜಿಯನ್' ಅನ್ನು ಪೂರ್ತಿ ಓದಿದ್ದು ಎಷ್ಟೋ ವರ್ಷಗಳ ಮೇಲೆ. 1077–78ರಲ್ಲಿ, ನಾರ್ಮಂಡಿಯ ಬೆಕ್ ಮಠದಲ್ಲಿದ್ದಾಗ ಬರೆದದ್ದು. 26 ಪುಟ್ಟ ಅಧ್ಯಾಯ. ನಾನು ಕಲಿತ ವಾದ ಬರುವುದು ಎರಡನೆಯದರಲ್ಲಿ. ಮೊದಲನೆಯದು ಪ್ರಾರ್ಥನೆ! ಕೆಲಸಗಳನ್ನು ಒಂದಿಷ್ಟು ಹೊತ್ತು ಬದಿಗಿಡು, ಮನಸ್ಸಿನ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೋ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ವಾದವೂ ದೇವರನ್ನು 'ನೀನು' ಎಂದು ಕರೆದೇ ಶುರುವಾಗುತ್ತದೆ. ನನ್ನ ನೋಟ್ಸಿನಲ್ಲಿ ಆ 'ನೀನು' ಇರಲಿಲ್ಲ.

ಹೇಗೆ ಓದಬೇಕೆಂದು ತನ್ನ ಪ್ರಾರ್ಥನೆಗಳ ಮುನ್ನುಡಿಯಲ್ಲಿ ಅವನೇ ಹೇಳಿದ್ದಾನೆ: ಗದ್ದಲದಲ್ಲಿ ಬೇಡ, ಅವಸರ ಬೇಡ, ಸ್ವಲ್ಪಸ್ವಲ್ಪವೇ ಓದು, ಮುಗಿಸಲೇಬೇಕೆಂದಿಲ್ಲ. 12ನೇ ಶತಮಾನದ, ಕಾರ್ಥೂಸಿಯನ್ ಎಂಬ ಕ್ರೈಸ್ತ ಪಂಥದ ಸನ್ಯಾಸಿ ಎರಡನೇ ಗೀಗೋ ಇದನ್ನು ಊಟಕ್ಕೆ ಹೋಲಿಸಿದ: ಓದು ತುತ್ತನ್ನು ಬಾಯಿಗಿಡುತ್ತದೆ, ಧ್ಯಾನ ಅಗಿಯುತ್ತದೆ, ಪ್ರಾರ್ಥನೆಗೆ ರುಚಿ ಹತ್ತುತ್ತದೆ, ದರ್ಶನವೆಂದರೆ ಆ ಸವಿಯೇ. ಮಠದವರು ಇದನ್ನು 'ರುಮಿನಾತಿಯೋ' ಎನ್ನುತ್ತಿದ್ದರು. ನಮ್ಮ 'ಮೆಲುಕು' ಇದ್ದ ಹಾಗೇ. ದನಕ್ಕೂ ಮನಸ್ಸಿಗೂ ಒಂದೇ ಮಾತು.

ನಾನೂ 'ಪ್ರೊಸ್ಲೋಜಿಯನ್' ಅನ್ನು ಹಾಗೇ ಓದಿದೆ. ಬೆಳಿಗ್ಗೆ ಐದೂವರೆಗೆ ಎದ್ದು, ಫೋನನ್ನು ಅಡುಗೆಮನೆಯಲ್ಲೇ ಬಿಟ್ಟು, ಒಂದೇ ಪ್ಯಾರಾ ಗಟ್ಟಿಯಾಗಿ ಓದುತ್ತಿದ್ದೆ. ಮನಸ್ಸು ಎಲ್ಲಿ ನಿಂತಿತೋ ಆ ವಾಕ್ಯವನ್ನು ಕನ್ನಡದಲ್ಲಿ ಬರೆದಿಟ್ಟು, ದಿನವಿಡೀ ಅದರ ಜೊತೆಗಿರುತ್ತಿದ್ದೆ. ಎರಡನೇ ಅಧ್ಯಾಯಕ್ಕೆ ಬಂದಾಗ 'ಎಲ್ಲಕ್ಕಿಂತ ದೊಡ್ಡದು' ಎಂದು ಬರೆದೆ. ತಪ್ಪು. ತನ್ನ ವಾದವನ್ನು ಆಕ್ಷೇಪಿಸಿದ ಸನ್ಯಾಸಿ ಗೌನಿಲೋಗೆ, ಇದೂ ತನ್ನ ಮಾತೂ ಒಂದಲ್ಲ ಎಂದು ಆನ್ಸೆಲ್ಮನೇ ಉತ್ತರ ಕೊಟ್ಟಿದ್ದಾನೆ. 'ಎಲ್ಲಕ್ಕಿಂತ ದೊಡ್ಡದು' ಎಂದ ಕೂಡಲೇ ನನ್ನ ಕಣ್ಣಮುಂದೆ ಒಂದು ಬೆಟ್ಟ ಬಂದು ನಿಂತಿತ್ತು. ಅವನ ಮಾತನ್ನು ಇದ್ದ ಹಾಗೇ ಬರೆದಾಗ ಬೆಟ್ಟವೂ ನಿಲ್ಲಲಿಲ್ಲ, ಆಕಾಶವೂ ನಿಲ್ಲಲಿಲ್ಲ. ಏನು ಬಂದರೂ 'ಇದಕ್ಕಿಂತ ದೊಡ್ಡದನ್ನು ಯೋಚಿಸಬಹುದಲ್ಲ' ಎಂದು ಬಿಡಬೇಕಾಗುತ್ತಿತ್ತು. ತರ್ಕವೇ ಸಾಧನೆಯಾದದ್ದು ನನಗೆ ಅಲ್ಲಿ.

ಹದಿನಾಲ್ಕನೇ ಅಧ್ಯಾಯದಲ್ಲಿ ಎರಡು ವಾರ ಕೂತೆ. ಹುಡುಕಿದ್ದು ಸಿಕ್ಕಿದೆಯೆಂದಾದರೆ ಅದರ ಅನುಭವ ಯಾಕಿಲ್ಲ ಎಂದು ಅಲ್ಲಿ ಅವನು ತನ್ನ ಆತ್ಮವನ್ನು ಕೇಳುತ್ತಾನೆ. ಅಷ್ಟು ಗಟ್ಟಿ ವಾದ ಕಟ್ಟಿದವನೇ.

ಈಗ ಎರಡನೇ ಸುತ್ತು. ಎಂಟನೇ ಅಧ್ಯಾಯದಲ್ಲಿದ್ದೇನೆ. ನೋವೇ ಮುಟ್ಟದವನು ಕರುಣಾಳು ಹೇಗಾದಾನು ಎಂಬುದು ಈ ವಾರದ ವಾಕ್ಯ.