ವೆರಿಲಿ ಎಲ್ಲಿ, ರಫ್ಲಿ ಎಲ್ಲಿ?

ಹಳೇ ಇಂಗ್ಲಿಷ್ ಗದ್ಯದ ಧಾಟಿಯಲ್ಲಿ ಕಥೆಯೋ ನಾಟಕವೋ ಬರೆಯಲು ಹೊರಟಾಗ ಸಿಕ್ಕ ಸಿಕ್ಕ ಕಡೆ ವೆರಿಲಿ, ಫಾರ್‌ಸೂತ್ (ಎರಡಕ್ಕೂ ಅರ್ಥ 'ನಿಜವಾಗಿ') ಅಂತ ಸುಮ್ನೆ ಉದುರಿಸಬೇಡಿ. ಮಾತಾಡುವ ಕ್ರಿಯಾಪದದ ಜೊತೆ ಬರುವ ಒತ್ತಿನ ಪದಗಳಲ್ಲಿ ಎರಡು ಜಾತಿ ಇವೆ. ಒಂದು ಮಾತಿನ ನಿಜಕ್ಕೆ ಜಾಮೀನು ನಿಲ್ಲುತ್ತದೆ. ಇನ್ನೊಂದು ದನಿ ಹೇಗಿತ್ತು ಅಂತ ತಿಳಿಸುತ್ತದೆ. ನಾವೂ 'ನಿಜವಾಗ್ಲೂ ಹೇಳ್ತೀನಿ' ಅನ್ನೋದು ಬೇರೆ, 'ಅವನು ಗದರಿ ಹೇಳಿದ' ಅನ್ನೋದು ಬೇರೆ, ಅಲ್ವಾ?

ಇದನ್ನು ಕಲಿಯೋಕೆ 1611ರ ಇಂಗ್ಲಿಷ್ ಅನುವಾದ ಕಿಂಗ್ ಜೇಮ್ಸ್ ಬೈಬಲ್ ಒಂದೇ ಸಾಕು. ಅದರಲ್ಲಿ ಯೇಸು ಹೇಳುವ ಮಾತು: 'ವೆರಿಲಿ ಐ ಸೇ ಅಂಟು ಯೂ', ಅಂದರೆ ನಿಜವಾಗಿ ನಿಮಗೆ ಹೇಳುತ್ತೇನೆ. ವೆರಿಲಿ ಮೊದಲು, ಆಮೇಲೆ ಐ, ಆಮೇಲೆ ಸೇ. ಹೇಳುವವನೇ ಎದುರಿಗೆ ನಿಂತು ತನ್ನ ಮಾತಿಗೆ ತಾನೇ ಒತ್ತು ಹಾಕುತ್ತಿದ್ದಾನೆ. ಅದನ್ನೇ 'ಹಿ ವೆರಿಲಿ ಸೆಡ್' ಅಂತ ಬರೆದರೆ ಜೀವ ಹೋಗುತ್ತದೆ, ಯಾಕೆಂದರೆ ಬೇರೆಯವನ ಮಾತಿಗೆ ಕಥೆಗಾರ ಆಣೆ ಇಟ್ಟ ಹಾಗಾಗುತ್ತದೆ. ಮೂಲ ಗ್ರೀಕಿನಲ್ಲಿ ಈ ಜಾಗದಲ್ಲಿರುವ ಪದ ಆಮೆನ್. ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಯೋಹಾನನದರಲ್ಲಿ ಮಾತ್ರ ಅದು ಜೋಡಿಯಾಗಿ, 'ವೆರಿಲಿ, ವೆರಿಲಿ' ಅಂತ, 25 ಸಲ ಬರುತ್ತದೆ. ಉಳಿದ ಮೂರರಲ್ಲಿ ಒಂಟಿ. ಬೇಗ ಬೇಗ, ನಿಜ ನಿಜ ಅಂತ ದಿನವಿಡೀ ಜೋಡಿಸುವ ನಮಗೆ ಇದು ತೀರಾ ಸಹಜ ಅನ್ನಿಸುತ್ತದೆ, ಹಾಗಾಗಿ ಕೈ ತಡೆದು ಬಳಸಿ. ಇಡೀ ಬರಹಕ್ಕೆ ಒಂದು ಸಲ ಸಾಕು.

ಇನ್ನು ದನಿಯ ಜಾತಿ. ನನಗೆ ತುಂಬಾ ಇಷ್ಟದ ಸಾಲು ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡದ 42ನೇ ಅಧ್ಯಾಯದಲ್ಲಿದೆ. ಬರಗಾಲದಲ್ಲಿ ದವಸ ಕೊಳ್ಳಲು ಬಂದ ಅಣ್ಣಂದಿರ ಗುರುತು ಸಿಕ್ಕರೂ ಯೋಸೇಫ ತೋರಗೊಡುವುದಿಲ್ಲ. 'ಸ್ಪೇಕ್ ರಫ್ಲಿ ಅಂಟು ದೆಮ್', ಅದರ ಬೆನ್ನಿಗೇ 'ಹಿ ಸೆಡ್ ಅಂಟು ದೆಮ್, ವೆನ್ಸ್ ಕಮ್ ಯೀ?' ರಫ್ಲಿ ಸೇರಿದ್ದು ಸ್ಪೇಕ್‌ಗೆ, ಅದೂ ಕ್ರಿಯಾಪದ ಆದಮೇಲೆ. ಸೆಡ್ ಬರಿಗೈಲಿ ನಿಂತು ಮಾತನ್ನಷ್ಟೇ ತಲುಪಿಸುತ್ತದೆ. ಕನ್ನಡದಲ್ಲೂ ಹೀಗೇ: ಗಡುಸಾಗಿ ಮಾತಾಡಿದ, 'ಎಲ್ಲಿಂದ ಬಂದಿರಿ?' ಅಂದ. ಆ ಪ್ರಶ್ನೆಯಲ್ಲಿ ಗಡಸುತನ ಎಲ್ಲಿದೆ ಹೇಳಿ? ಯಾರು ಬೇಕಾದರೂ ಪ್ರೀತಿಯಿಂದಲೇ ಕೇಳಬಹುದಾದ ಪ್ರಶ್ನೆ ಅದು. ಅದಕ್ಕೇ ರಫ್ಲಿ ಬೇಕಾಯಿತು. ಬೈಗುಳವೇ ಇರುವ ಕಡೆ ಅದು ದಂಡ.

ಒತ್ತು ಏರಿಸಬೇಕಾದರೆ 'ದ ಮೋರ್' (ಇನ್ನಷ್ಟು) ಸೇರಿಸಿ. 'ನಿನ್ನನ್ನು ಅರಿಯೆ ಅನ್ನಲಾರೆ' ಅಂತ ಶಿಷ್ಯ ಪೇತ್ರ ಯೇಸುವಿಗೆ ಮತ್ತೆ ಹೇಳುವಾಗ ಮಾರ್ಕನ ಸುವಾರ್ತೆಯಲ್ಲಿ 'ಸ್ಪೇಕ್ ದ ಮೋರ್ ವೆಹೆಮೆಂಟ್ಲಿ', ಅಂದರೆ ಇನ್ನಷ್ಟು ಆವೇಶದಿಂದ ಮಾತಾಡಿದ, ಅಂತಿದೆ. ಮೊದಲ ಸಲವೇ ಅಷ್ಟು ಏರಿಸಿದ್ದರೆ ಎರಡನೇ ಸಲಕ್ಕೆ ಏನೂ ಉಳಿಯುತ್ತಿರಲಿಲ್ಲ.

'ಹೇಳಿದ' ಅನ್ನುವ ಹಳೇ ಪದ ಕ್ವೋತ್‌ಗೆ ಇವು ಯಾವುದೂ ಬೇಡ. 'ಕ್ವೋತ್ ಹಿ' ಅಂತ ಹೇಳುವವನಿಗಿಂತ ಮುಂಚೆ ಇಟ್ಟು ಬಿಟ್ಟುಬಿಡಿ.

ಫಾರ್‌ಸೂತ್ ಮಾತ್ರ ಹುಷಾರು. ಅರ್ಥ 'ನಿಜವಾಗಿ' ಅಂತಲೇ, ಆದರೆ ಅದಕ್ಕೆ ಬಹಳ ಹಿಂದೆಯೇ ಕೊಂಕು ಹತ್ತಿಕೊಂಡಿತು, 'ದೊಡ್ಡ ಪಂಡಿತನಂತೆ!' ಅನ್ನುವಾಗ ನಮ್ಮ 'ಅಂತೆ'ಗೆ ಹತ್ತಿದ ಹಾಗೆ. ಮನಸಾರೆ ಆಣೆ ಮಾಡುವ ಪಾತ್ರದ ಬಾಯಿಗೆ ವೆರಿಲಿಯನ್ನೇ ಕೊಡಿ.